ಬೋರ್ಡು ನಮ್ಮದು, ಬಂಡಿ ಯಾರದ್ದೋ

ಹಳೇ ಬಸ್ಸಿಗೆ ಬಣ್ಣ ಹೊಡೆದು ಹೊಸ ಬೋರ್ಡು ಹಾಕಿದರೆ ದೇವಿಮನೆ ಘಟ್ಟ ತನ್ನಿಂದ ತಾನೇ ಸಪಾಟಾಗುತ್ತದೆ ಅಂತ ನಮ್ಮ ಶಿರಸಿ ಕಡೆ ಒಂದು ನಂಬಿಕೆ ಇದೆ. ಕಿಟಕಿ ಗಾಜಿನದ್ದು ಅದೇ ಗಡಗಡ. ಗೇರು ಬೀಳುವಾಗ ಅದೇ ನರಳಾಟ. ಹಿಂದಿನ ಸೀಟಿನವರು ಪ್ರತಿ ತಿರುವಿಗೂ ಮುಂದಿನ ಕಂಬಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡುತ್ತಾರೆ. ಕುಮಟಾದಲ್ಲಿ ಇಳಿದ ಮೇಲೆ ಮಾತ್ರ, "ಹೊಸ ಬಸ್ಸು ಬಿಟ್ಟಿದ್ದಾರೆ ಮಾರಾಯ!"

ಈ ವಿದ್ಯೆ ನಮ್ಮದೇ ಅಂದುಕೊಂಡಿದ್ದೆವು. ಫಾರ್ಮುಲಾ ಒನ್ ಕಾರ್ ರೇಸಿನವರು ನಮ್ಮನ್ನೂ ಮೀರಿಸಿದರು.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಒಂದು ರೇಸಿಂಗ್ ತಂಡ. 2005ರಲ್ಲಿ ಅದರ ಬೋರ್ಡು ಜೋರ್ಡನ್. 2006ರಲ್ಲಿ ಮಿಡ್‌ಲ್ಯಾಂಡ್. 2007ರಲ್ಲಿ ಸ್ಪೈಕರ್. ಆ ವರ್ಷದ ಕೊನೆಗೆ ನಮ್ಮ ವಿಜಯ್ ಮಲ್ಯ ಡಚ್ ಪಾಲುದಾರರ ಜತೆ ಸೇರಿ ಅದನ್ನು ಕೊಂಡರು. 2008ಕ್ಕೆ ಹೊಸ ಬೋರ್ಡು: ಫೋರ್ಸ್ ಇಂಡಿಯಾ. ಮೊದಲ ಕಾರು ಸ್ಪೈಕರ್ ಕಾರನ್ನೇ ತಿದ್ದಿ ತೀಡಿದ್ದು. ನಮ್ಮಲ್ಲಾದರೆ ಬಸ್ಸಿಗೆ ಮಾರಿಕಾಂಬೆಯ ಹೆಸರಿಡುತ್ತಾರೆ. ಇವರು ಮಾಲೀಕರ ಹೆಸರಿನ ಅಕ್ಷರಗಳನ್ನೇ ಜೋಡಿಸಿ ವಿಜೆಎಂ01 ಅಂದರು.

ಕಾರ್ಖಾನೆ ಇಂಗ್ಲೆಂಡಿನದು. ಎಂಜಿನ್ ಇಟಲಿಯ ಫೆರಾರಿಯದು. ಓಡಿಸುವವರು ಜರ್ಮನಿಯ ಸುಟಿಲ್, ಇಟಲಿಯ ಫಿಸಿಕೆಲ್ಲಾ. ಅಷ್ಟಾದರೂ ನಮ್ಮ ಬಸ್‌ಸ್ಟ್ಯಾಂಡ್ ಚಹಾ ಅಂಗಡಿಯಲ್ಲಿ ಕೂತವರ ಎದೆ ಉಬ್ಬಿತು. "ನಮ್ಮ ಕಾರು!"

ಇದರಲ್ಲಿ ನನಗೆ ಭಾಳ ಇಷ್ಟವಾದದ್ದು ಇನ್ನೊಂದು. ಇದೇ ತಂಡದ ಕಾರನ್ನು 2005ರಲ್ಲಿ, ಜೋರ್ಡನ್ ಬೋರ್ಡಿದ್ದಾಗ, ನಾರಾಯಣ್ ಕಾರ್ತಿಕೇಯನ್ ಓಡಿಸಿದ್ದರು. ಪಾಯಿಂಟೂ ತಂದಿದ್ದರು. ಹೆಸರಲ್ಲಿ ಇಂಡಿಯಾ ಇಲ್ಲದಾಗ ಸೀಟಿನಲ್ಲಿ ಭಾರತೀಯ ಇದ್ದ. ಹೆಸರಿಗೆ ಇಂಡಿಯಾ ಬಂತು, ಸೀಟಿನಿಂದ ಭಾರತೀಯ ಹೋದ. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ದೇಶದ ಮೊದಲ ಫಾರ್ಮುಲಾ ಒನ್ ರೇಸು (ಗ್ರ್ಯಾನ್ ಪ್ರಿ) ನಡೆದಾಗ ಕಾರ್ತಿಕೇಯನ್ ಓಡಿಸಿದ್ದು ಸ್ಪೇನ್ ತಂಡದ ಕಾರು. ನಮ್ಮ ಕಾರಲ್ಲಿ ಒಬ್ಬ ಜರ್ಮನ್, ಒಬ್ಬ ಸ್ಕಾಟ್ಲೆಂಡಿನವ. ಅಷ್ಟರಲ್ಲಿ ಸಹಾರಾ ಕಂಪನಿ ತಂಡದಲ್ಲಿ ಪಾಲು ಕೊಂಡು ಬೋರ್ಡು ಇನ್ನೂ ಉದ್ದವಾಗಿತ್ತು ಅನ್ನಿ.

ಫೋರ್ಸ್ ಇಂಡಿಯಾ ಬೋರ್ಡಿನ ಮೊದಲ ವರ್ಷ, 2008ರಲ್ಲಿ, 18 ರೇಸು, ಸೊನ್ನೆ ಪಾಯಿಂಟು. ಮೊನಾಕೊದಲ್ಲಿ ಸುಟಿಲ್ ಇನ್ನೇನು ನಾಲ್ಕನೆಯವರಾಗಿ ಮುಗಿಸಬೇಕು, ಹಿಂದಿನಿಂದ ಫೆರಾರಿಯ ರೈಕೊನೆನ್ ಬಂದು ಗುದ್ದಿದರು. 2009ಕ್ಕೆ ಮರ್ಸಿಡಿಸ್ ಎಂಜಿನ್ ಬಂತು, ಜತೆಗೆ ಕೇಸರಿ-ಹಸಿರು ಬಣ್ಣ. ಆ ವರ್ಷ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ) ಹಿಡಿದು ಎರಡನೆಯವರಾಗಿ ಬಂದರು. ಗೆದ್ದವರಿಗೂ ಇವರಿಗೂ ಒಂದು ಸೆಕೆಂಡಿನ ಅಂತರವೂ ಇಲ್ಲ. ಗೆದ್ದವರು ಯಾರು? ಮತ್ತೆ ರೈಕೊನೆನ್! ತಂಡಕ್ಕೆ ಮೊದಲ ಪಾಯಿಂಟು ಬಂದದ್ದು ಅಲ್ಲಿ, 30ನೇ ರೇಸಿನಲ್ಲಿ. ಸಿಲ್ವರ್‌ಸ್ಟೋನ್ ಮೆಕ್ಯಾನಿಕ್‌ಗಳ ಬೆವರಿಗೆ ಸಲಾಂ ಹೊಡೆಯಲೇಬೇಕು. ಚಹಾ ಅಂಗಡಿಯವರು ಮಾತ್ರ ಅದನ್ನು ಭಾರತದ ಲೆಕ್ಕಕ್ಕೆ ಬರೆದುಕೊಂಡರು. ಬರೆದ ಶಾಯಿ ಆರುವುದರೊಳಗೆ ಫೆರಾರಿ ಫಿಸಿಕೆಲ್ಲಾರನ್ನೇ ಕರೆದುಕೊಂಡು ಹೋಯಿತು.

ಈ ಮಾದರಿ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಹುಬ್ಬಳ್ಳಿ-ಅಂಕೋಲಾ ರೈಲು ಬರಲಿ ಅಂತ ಕಾದು ಕಾದು ಯುವಕರೆಲ್ಲ ಅಜ್ಜಂದಿರಾದರು. ಹಳಿ ಯಾಕೆ ಬೇಕು? ಸುಮ್ನೆ ಸ್ಟೇಶನ್ ಬೋರ್ಡು ನೆಟ್ಟು ತೆಂಗಿನಕಾಯಿ ಒಡೆದರಾಯಿತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೂ ಜಾಸ್ತಿ ಕಷ್ಟವಿಲ್ಲ. ಹೆಸರು ಫೋರ್ಸ್ ಉತ್ತರ ಕನ್ನಡ. ಬೋರ್ಡು ಕಾರವಾರದಲ್ಲಿ, ಡಾಕ್ಟರು ಮಣಿಪಾಲದಲ್ಲಿ, ಹಾಸಿಗೆ ಗೋವಾದಲ್ಲಿ. ರೋಗಿಯನ್ನು ಸಾಗಿಸುವ ಆಂಬುಲೆನ್ಸಿಗೆ ಕೇಸರಿ-ಹಸಿರು ಪಟ್ಟಿ ಬಳಿಯೋಣ. ಓಡಿಸಲು ಮಾತ್ರ ನಮ್ಮೂರ ಹುಡುಗರೇ ಆಗಬೇಕು. ಈ ಹೊಂಡಗಳಲ್ಲಿ ಗಾಡಿ ಹೊಡೆಯುವುದು ಜರ್ಮನಿಯವರ ಕೈಲಿ ಆಗುವ ಕೆಲಸ ಅಲ್ಲ.