ತೇರಹಳ್ಳಿ ಬೆಟ್ಟಕ್ಕೆ ಇನ್ನೂ ಜಾಸ್ತಿ ಪ್ರವಾಸಿಗರು ಬೇಕಾ?

ಪರ

ಕೋಲಾರದಲ್ಲಿ ಎಲ್ಲಿ ನಿಂತು ಕತ್ತೆತ್ತಿದರೂ ಶತಶೃಂಗ ಬೆಟ್ಟ. ಜನ ಅಂತರಗಂಗೆಗೆ ಹೋಗುತ್ತಾರೆ, ಬಸವನ ಬಾಯಿಂದ ಬೀಳುವ ನೀರು ಕುಡಿಯುತ್ತಾರೆ, ಕೋತಿಗೆ ಬಾಳೆಹಣ್ಣು ಕೊಟ್ಟು (ಕೊಡದಿದ್ದರೆ ಅದೇ ಕಿತ್ಕೊಳ್ಳುತ್ತೆ) ವಾಪಸ್ ಬರುತ್ತಾರೆ. ಅದಕ್ಕೂ ಮೇಲೆ ತೇರಹಳ್ಳಿ ಸೇರಿ ಏಳು ಊರುಗಳಿವೆ ಅಂತ ಎಷ್ಟು ಜನಕ್ಕೆ ಗೊತ್ತು?

ಮಳೆ ಬಂದರೆ ರಾಗಿ, ಅವರೆ. ಬರದಿದ್ದರೆ ಹಸು, ಕುರಿ. ಓದಿದ ಹುಡುಗರು ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ಇಳಿದರೆ ಮತ್ತೆ ಬೆಟ್ಟ ಹತ್ತುವುದು ಹಬ್ಬಕ್ಕೆ.

ಬೆಂಗಳೂರು ಹೆಚ್ಚು ಕಡಿಮೆ 70 ಕಿಲೋಮೀಟರ್. ಶನಿವಾರ ರಾತ್ರಿ ಟಾರ್ಚ್ ಹಿಡಿದು ಬಂಡೆ, ಗುಹೆ ಹತ್ತುವವರು ಈಗಲೂ ಬರುತ್ತಾರೆ. ದುಡ್ಡು ಮಾತ್ರ ಕರೆತಂದವರ ಜೇಬಿಗೆ. ಪರಶುರಾಮ ಕಾರ್ತವೀರ್ಯನನ್ನು ಕೊಂದಿದ್ದು ಇಲ್ಲೇ ಅಂತ ಹಿರಿಯರು ಕಥೆ ಹೇಳುತ್ತಾರೆ. ತಲಕಾಡಿಗಿಂತ ಮೊದಲು ಗಂಗರ ರಾಜಧಾನಿ ಕೆಳಗಿನ ಈ ಕೋಲಾರವೇ. ಇದನ್ನೆಲ್ಲ ಊರಿನ ಹುಡುಗ ಹೇಳಿ ದಾರಿ ತೋರಿಸಲಿ, ಊರಿನ ಮನೆಯಲ್ಲೇ ಮುದ್ದೆ, ಅವರೆಕಾಳು ಸಾರು ಬಡಿಸಲಿ. ಹೇಗೂ ಬರೋ ಜನ ಅಲ್ವಾ?

ವಿರೋಧ

ಮುದ್ದೆ ಸಾರು ಸರಿ, ಕುಡಿಯೋಕೆ ನೀರು? ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಕಳಿಸುವುದು, ಅದೂ ಕೆಳಗಿನ ಕೆರೆಗಳಿಗೆ. ಬೆಟ್ಟದ ಮೇಲೆ ಮಳೆಯೇ ಗತಿ. ಇಂಥ ಕಡೆ ಒಂದು ರೆಸಾರ್ಟ್ ಎದ್ದು ಬೋರ್ ಕೊರೆಸಿದರೆ ಮೊದಲು ಬತ್ತುವುದು ಪಕ್ಕದ ಹೊಲದವನ ಬೋರ್.

ಊರಿನವರೇ ನಡೆಸಲಿ ಅನ್ನುವುದು ಕೇಳೋಕೆ ಚೆನ್ನ. ನಂದಿ ಬೆಟ್ಟದ ಸುತ್ತ ನೋಡಿ. ಭಾನುವಾರ ಬೆಳಗಿನ ಜಾವವೇ ಕಾರುಗಳ ಸಾಲು. ಜಮೀನಿನ ಬೆಲೆ ರೈತ ಮುಟ್ಟೋ ಹಾಗಿಲ್ಲ.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ ತೆನೆ ಹರಡಿದರೆ ಹೋಗಿ ಬರುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ. ಬೇಡ ಅಂತ ಪೊಲೀಸರು ಹೇಳುತ್ತಾರೆ, ಯಾರು ಕೇಳುತ್ತಾರೆ? ಆಗೊಂದು ಈಗೊಂದು ಗಾಡಿ ಬಂದರೆ ಉಪಕಾರವೇ. ಸಾಲುಗಟ್ಟಿ ಬಂದರೆ ಮೊರ, ಪೊರಕೆ ಹಿಡಿದ ಅಜ್ಜಿ ತೆನೆ ತಿರುವೋಕೆ ರಸ್ತೆಗೆ ಇಳಿಯೋದು ಹೇಗೆ?

ಬೇಸಿಗೆಯಲ್ಲಂತೂ ಒಣಹುಲ್ಲಿಗೆ ಒಂದು ಸಿಗರೇಟು ತುಂಡು ಸಾಕು. ಉರಿಯೋದು ಊರಿನ ದನಗಳ ಮೇವು.

ಹುಡುಗರು ಊರಲ್ಲಿ ಉಳಿಯಬೇಕಾ? ರಾತ್ರಿ ಪಾಳಿ ಮುಗಿಸಿದವನಿಗೆ ಬೆಟ್ಟ ಹತ್ತೋಕೆ ಬಸ್ಸು ಕೊಡಿ. ಆಮೇಲೂ ಅವರು ಪೇಟೆಯಲ್ಲೇ ರೂಮು ಮಾಡಿದರೆ ಪ್ರವಾಸಿಗರ ಮಾತಾಡೋಣ.