ಮೈಕ್ ಮಾರುವ ಮೊದಲು ಕೋಣೆಯ ಬಗ್ಗೆ ಕೇಳಿ

ಮನೆಯಲ್ಲೇ ಹಾಡು ಧ್ವನಿಮುದ್ರಿಸಬೇಕು ಎಂದು ಬಾಯಿ ಬಿಟ್ಟರೆ ಸಾಕು, ಅಂಗಡಿಯವರಿಂದ ಹಿಡಿದು ಸ್ನೇಹಿತರವರೆಗೆ ಎಲ್ಲರದೂ ಒಂದೇ ಮಾತು: ಒಳ್ಳೆಯ ಕಂಡೆನ್ಸರ್ ಮೈಕ್ ತೆಗೆದುಕೊಳ್ಳಿ. ಹಾಡುವ ಕೋಣೆ ಎಂಥದ್ದು ಎಂದು ಒಬ್ಬರೂ ವಿಚಾರಿಸುವುದಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬರುವುದು ಇಲ್ಲೇ.

ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ; ಸದ್ದು ಗೋಡೆಯಿಂದ ಗೋಡೆಗೆ ಪುಟಿದು ಝಣಝಣ ಎನ್ನುತ್ತದೆ. ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ. ಹಾಡುವವರ ಉಸಿರಿನ ಜೊತೆಗೆ ಆ ಪ್ರತಿಧ್ವನಿ, ಫ್ಯಾನಿನ ಗುಂಯ್‌ಗುಡುವಿಕೆ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವನ್ನೂ ಹಿಡಿದಿಡುತ್ತದೆ. ದನಿಯೊಳಗೆ ಬೆರೆತ ಪ್ರತಿಧ್ವನಿಯನ್ನು ಆಮೇಲೆ ಬೇರ್ಪಡಿಸುವುದು ಸುಲಭವಲ್ಲ. ಆಗ ಇನ್ನೂ ದುಬಾರಿ ಮೈಕ್ ಕೊಳ್ಳಲು ಹೇಳುತ್ತಾರೆ, ಇಲ್ಲವೇ ಮೈಕಿನ ದನಿಯನ್ನು ಸೆಕೆಂಡಿಗೆ 1,92,000 ಸಲ ಅಳೆದು ಕಂಪ್ಯೂಟರಿಗೆ ಕಳಿಸುವ 192 ಕಿಲೋಹರ್ಟ್ಸ್‌ನ ಇಂಟರ್‌ಫೇಸ್. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರಾಯಿತು; 44.1 ಅಥವಾ 48 ಕಿಲೋಹರ್ಟ್ಸ್ ಧಾರಾಳವಾಗಿ ಸಾಕು.

1966ರಿಂದ ಮಾರುಕಟ್ಟೆಯಲ್ಲಿರುವ ಶ್ಯೂರ್ ಎಸ್‌ಎಂ58ರಂಥ ಡೈನಮಿಕ್ ಮೈಕನ್ನು (ಇದು ಕಂಡೆನ್ಸರಿನಷ್ಟು ಸೂಕ್ಷ್ಮವಲ್ಲ) ಬಾಯಿಗೆ ನಾಲ್ಕು ಬೆರಳು ದೂರದಲ್ಲಿಟ್ಟು, ಹಾಡುವವರ ಬೆನ್ನ ಹಿಂದೆ ದಪ್ಪ ಕೌದಿಗಳನ್ನು ಇಳಿಬಿಟ್ಟರೆ ತೊಂದರೆ ಎಷ್ಟೋ ತಗ್ಗುತ್ತದೆ. (ಗೋಡೆಗೆ ಅಂಟಿಸುವ ತೆಳು ಫೋಮ್ ನೆಚ್ಚಬೇಡಿ, ಅದು ಚೂಪು ಸದ್ದನ್ನಷ್ಟೇ ಹೀರುತ್ತದೆ, ಮೃದಂಗದ ಎಡಭಾಗದ ಗುಂಕಾರ ಹಾಗೆಯೇ ಉಳಿಯುತ್ತದೆ.) ಇಷ್ಟನ್ನು ಹೇಳುವವರಿಲ್ಲದೆ ಎಳೆಯ ಹುಡುಗ ಹುಡುಗಿಯರು ಸಾಲ ಮಾಡಿ ಮೈಕ್ ಕೊಳ್ಳುತ್ತಾರೆ, ಕೊನೆಗೆ ತಮ್ಮ ಕಂಠವೇ ಸರಿಯಿಲ್ಲ ಎಂದುಕೊಂಡು ಹಾಡುವುದನ್ನೇ ಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ.