‘ಹಂಗೇರಿಯನ್ ಡಾನ್ಸ್’ ಐದು: ಅದು ಹಳ್ಳಿಯ ಹಾಡಲ್ಲ

ಜರ್ಮನ್ ಸಂಗೀತಕಾರ ಬ್ರಾಮ್ಸ್ ಅವರ ಐದನೇ ‘ಹಂಗೇರಿಯನ್ ಡಾನ್ಸ್’ ಹಳ್ಳಿಗರ ಹಳೇ ಜನಪದ ಹಾಡು, ಕಟ್ಟಿದವರು ಯಾರೋ ಗೊತ್ತಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಆ ಧಾಟಿ ಹಂಗೇರಿಯ ಸಂಗೀತಕಾರ ಕೇಲೆರ್ ಬೇಲಾ ಬರೆದ ‘ಬಾರ್ಟ್‌ಫಾ ನೆನಪು’ ಎಂಬ ಚಾರ್ದಾಶ್ (ಹಂಗೇರಿಯ ಒಂದು ಬಗೆಯ ನೃತ್ಯ) ಕುಣಿತದ್ದು. ಬ್ರಾಮ್ಸ್ ಕೂಡ ಅದನ್ನು ಜನಪದ ಎಂದೇ ನಂಬಿದ್ದರು.

ಅವರಿಗೆ ಈ ಸಂಗೀತದ ರುಚಿ ಹತ್ತಿಸಿದವರು ಎಡೆ ರೆಮೆನಿ. 1828ರಲ್ಲಿ ಹಂಗೇರಿಯ ಮಿಶ್ಕೋಲ್ಟ್ಸ್‌ನಲ್ಲಿ ಹುಟ್ಟಿದ ಈ ಪಿಟೀಲು ವಾದಕ ವಿಯೆನ್ನಾದಲ್ಲಿ ಯೋಸೆಫ್ ಬೋಮ್ ಬಳಿ ಶಾಸ್ತ್ರೀಯ ಪಾಠ ಕಲಿತವರು. 1848ರ ಹಂಗೇರಿ ಕ್ರಾಂತಿಯಲ್ಲಿ ಸೇರಿ, ಅದು ಸೋತಾಗ ದೇಶ ಬಿಟ್ಟರು. 1853ರಲ್ಲಿ ರೆಮೆನಿ ಪಿಟೀಲು, ಇನ್ನೂ ಇಪ್ಪತ್ತರ ಬ್ರಾಮ್ಸ್ ಪಿಯಾನೊ! ಜರ್ಮನಿಯ ಊರೂರಲ್ಲಿ ಕಛೇರಿ. ಬೀಥೋವನ್ ಸೊನಾಟಾ ನುಡಿಸಿದ ಕೈಯಲ್ಲೇ ಹಂಗೇರಿಯ ಕುಣಿತದ ಧಾಟಿ. ಎಂಥ ಜೋಡಿ ಅಲ್ವಾ!

ಹಾಗಂತ ಬ್ರಾಮ್ಸ್ ಕದ್ದರು ಎನ್ನುವುದೂ ನ್ಯಾಯವಲ್ಲ. 1869ರಲ್ಲಿ ಮೊದಲ ಹತ್ತು ಡಾನ್ಸ್‌ಗಳು ಅಚ್ಚಾದಾಗ ಅವರು ತಮ್ಮ ಓಪಸ್ ಸಂಖ್ಯೆ (ಸ್ವಂತ ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ) ಕೊಡಲಿಲ್ಲ. ಅಳವಡಿಸಿದವನು ಮಾತ್ರ ತಾನು ಎಂದೇ ತಿಳಿದಿದ್ದರು.

ಹಂಗೇರಿಯ ಹಳ್ಳಿಯ ದನಿಯೇ ಬೇಕಿದ್ದರೆ, 20ನೇ ಶತಮಾನದ ಆರಂಭದಲ್ಲಿ ಹಂಗೇರಿಯ ಸಂಗೀತಕಾರರಾದ ಬಾರ್ಟೋಕ್, ಕೊಡಾಯ್ ಫೋನೋಗ್ರಾಫ್ (ದನಿ ದಾಖಲಿಸುವ ಯಂತ್ರ) ಹೊತ್ತು ಹಳ್ಳಿ ಹಳ್ಳಿ ಸುತ್ತಿ ದಾಖಲಿಸಿದ ಹಾಡುಗಳನ್ನು ಕೇಳಿ.